ಜಿಡಾಲ್ ಕೈಕೊಟ್ಟಾಗ: ಯಾವ ಇನ್‌ಸ್ಟಾಲೇಷನ್, ಯಾವ ಟೂಲ್, ಯಾವ ಫಾರ್ಮ್ಯಾಟ್?

ಉಪಗ್ರಹ ಚಿತ್ರ, ತಾಲ್ಲೂಕು ಗಡಿ, ಕೆರೆಗಳ ನಕ್ಷೆ ಇಟ್ಟುಕೊಂಡು ಕಂಪ್ಯೂಟರಿನಲ್ಲಿ ಕೆಲಸ ಮಾಡುವವರು ಜಿಡಾಲ್ ಬಳಸಿಯೇ ಇರುತ್ತಾರೆ, ಹೆಸರು ಕೇಳಿಲ್ಲದಿದ್ದರೂ ಸರಿ. 1998ರಲ್ಲಿ ಫ್ರಾಂಕ್ ವಾರ್ಮರ್‌ಡ್ಯಾಮ್ ಶುರು ಮಾಡಿದ ಓಪನ್ ಸೋರ್ಸ್ ಲೈಬ್ರರಿ ಇದು. ನಕ್ಷೆ ಮಾಡುವ ಉಚಿತ ಸಾಫ್ಟ್‌ವೇರ್ ಕ್ಯೂಜಿಐಎಸ್ ಫೈಲ್ ತೆರೆಯುವುದು ಇದರ ಮೂಲಕ. ನಕ್ಷೆ ವಿಶ್ಲೇಷಣೆಯ ಗ್ರಾಸ್, ನಕ್ಷೆಗಳ ಡೇಟಾಬೇಸ್ ಪೋಸ್ಟ್‌ಜಿಐಎಸ್, ಪೈಥಾನ್‌ನ ರಾಸ್ಟೀರಿಯೊ, ಜಿಯೋಪಾಂಡಾಸ್ ಇವೆಲ್ಲ ಇದನ್ನೇ ನೆಚ್ಚಿಕೊಂಡಿವೆ. ಚಿತ್ರದಂಥ ರಾಸ್ಟರ್ ಡೇಟಾ ಜಿಡಾಲ್ ನೋಡಿಕೊಳ್ಳುತ್ತದೆ. ಗೆರೆ, ಚುಕ್ಕಿ, ಗಡಿಗಳಿರುವ ವೆಕ್ಟರ್ ಡೇಟಾ ಅದರ ಒಳಗಿನ ಓಜಿಆರ್ ಭಾಗದ ಪಾಲು.

ಎಲ್ಲದರ ಅಡಿಯಲ್ಲೂ ಇದೇ ಇರುವುದರಿಂದ, ಕೆಟ್ಟಾಗ ತೊಂದರೆ ಎಲ್ಲಿಂದ ಬಂತು ಅಂತ ಗೊತ್ತಾಗುವುದಿಲ್ಲ. ಕ್ಯೂಜಿಐಎಸ್ ಕೆಟ್ಟಿದೆ ಅನ್ನಿಸುತ್ತದೆ, ಅಥವಾ ಫೈಲ್ ಹಾಳಾಗಿದೆ ಅನ್ನಿಸುತ್ತದೆ. ನನ್ನ ಅನುಭವದಲ್ಲಿ ಮೊದಲು ಅನುಮಾನ ಪಡಬೇಕಾದದ್ದು ಇವೆರಡನ್ನೂ ಅಲ್ಲ. ಜಿಡಾಲ್ ನಿಮ್ಮ ಯಂತ್ರಕ್ಕೆ ಯಾವ ದಾರಿಯಿಂದ ಬಂತು ಅನ್ನುವುದನ್ನು. ಹಾಗಾಗಿ ಆ ಆಯ್ಕೆಯ ಬಗ್ಗೆಯೇ ಜಾಸ್ತಿ ಬರೆಯುತ್ತೇನೆ.

ಒಂದೇ ಯಂತ್ರದಲ್ಲಿ ಎಷ್ಟು ಜಿಡಾಲ್?

ಮೊದಲು ಒಂದು ಪರೀಕ್ಷೆ ಮಾಡಿ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ವೇರ್ ಕಮಾಂಡ್ ಕೊಟ್ಟು ಜಿಡಾಲ್‌ಇನ್ಫೋ (ಫೈಲ್‌ನ ವಿವರ ತೋರಿಸುವ ಜಿಡಾಲ್ ಕಮಾಂಡ್) ಎಲ್ಲೆಲ್ಲಿದೆ ಎಂದು ಕೇಳಿ. ಲಿನಕ್ಸ್‌ನಲ್ಲಾದರೆ ವಿಚ್ ಕಮಾಂಡಿಗೆ ಎ ಆಪ್ಷನ್ ಸೇರಿಸಿ ಕೇಳಿ. ಎರಡು ಮೂರು ಜಾಗ ತೋರಿಸಿದರೆ ಆಶ್ಚರ್ಯಪಡಬೇಡಿ. ಕ್ಯೂಜಿಐಎಸ್ ಜೊತೆ ಒಂದು ಬಂದಿರುತ್ತದೆ, ಪ್ಯಾಕೇಜ್ ಹಾಕುವ ಟೂಲ್ ಕಾಂಡಾ ಜೊತೆ ಇನ್ನೊಂದು. ಪೈಥಾನ್‌ನ ಮಾಮೂಲಿ ಇನ್‌ಸ್ಟಾಲರ್ ಪಿಪ್‌ನಿಂದ ಹಾಕಿದ ರಾಸ್ಟೀರಿಯೊ ತನ್ನ ಹೊಟ್ಟೆಯೊಳಗೆ ಮತ್ತೊಂದನ್ನು ಇಟ್ಟುಕೊಂಡಿರುತ್ತದೆ, ಅದು ಈ ಪಟ್ಟಿಯಲ್ಲಿ ಕಾಣುವುದೂ ಇಲ್ಲ.

ಹಲವು ಇದ್ದರೆ ಅದೇ ತಪ್ಪಲ್ಲ. ಒಂದರ ಪ್ರೋಗ್ರಾಂ ಇನ್ನೊಂದರ ಡೇಟಾ ಫೈಲ್ ಓದಲು ಹೋದಾಗ ತೊಂದರೆ ಶುರು. ಎಲ್ಲರೂ ಒಂದಲ್ಲ ಒಂದು ದಿನ ಕಾಣುವ ಎರರ್ ಇದು: ಪ್ರೋಜ್ ಡಿಬಿ ಫೈಲ್ ಸಿಗುತ್ತಿಲ್ಲ, ಅಥವಾ ಸಿಕ್ಕಿದ್ದು ಬೇರೆ ಪ್ರೋಜ್ ಇನ್‌ಸ್ಟಾಲೇಷನ್‌ನದು. ಪ್ರೋಜ್ ಅಂದರೆ ಅಕ್ಷಾಂಶ ರೇಖಾಂಶಗಳನ್ನು ಬೇರೆ ಬೇರೆ ನಕ್ಷೆಯ ಲೆಕ್ಕಕ್ಕೆ ಬದಲಿಸುವ ಲೈಬ್ರರಿ. ಅದರ ಕೋಡ್‌ಗಳೆಲ್ಲ ಆ ಡಿಬಿ ಫೈಲ್‌ನಲ್ಲಿರುತ್ತವೆ. ಅದು ಸಿಗದಿದ್ದರೆ ಮಾಮೂಲಿ ಅಕ್ಷಾಂಶ ರೇಖಾಂಶದ ಕೋಡ್ ಆದ ಇಪಿಎಸ್‌ಜಿ 4326 ಅಂದರೂ ಅರ್ಥವಾಗುವುದಿಲ್ಲ ಅದಕ್ಕೆ.

ವಿಂಡೋಸ್‌ನಲ್ಲಿ ಇದು ಬರುವ ಸಾಮಾನ್ಯ ಕಾರಣ ಹೀಗೆ. ಪೋಸ್ಟ್‌ಜಿಐಎಸ್ ಇನ್‌ಸ್ಟಾಲ್ ಮಾಡಿದಾಗ ಪ್ರೋಜ್ ಲಿಬ್ ಅನ್ನುವ ಎನ್ವಿರಾನ್‌ಮೆಂಟ್ ವೇರಿಯಬಲ್ (ಪ್ರೋಗ್ರಾಂಗಳು ಓದುವ ಸೆಟ್ಟಿಂಗ್) ಇಡೀ ಸಿಸ್ಟಮ್‌ಗೆ ಸೆಟ್ ಆಗಿರಬಹುದು. ಆಮೇಲೆ ನೀವು ಎಲ್ಲೇ ಪೈಥಾನ್ ಓಡಿಸಿದರೂ ಅದು ಪೋಸ್ಟ್‌ಜಿಐಎಸ್‌ನ ಹಳೆಯ ಡಿಬಿ ಕಡೆಗೇ ಕೈತೋರಿಸುತ್ತದೆ. ಪ್ರೋಜ್ 9.1ರಿಂದ ಆ ವೇರಿಯಬಲ್‌ಗೆ ಪ್ರೋಜ್ ಡೇಟಾ ಅಂತ ಹೊಸ ಹೆಸರು ಬಂದಿದೆ, ಹಳೆಯದೂ ನಡೆಯುತ್ತದೆ. ಎರಡನ್ನೂ ನೋಡಿ. ಜಿಡಾಲ್ ಡೇಟಾ ಅನ್ನುವ ಇನ್ನೊಂದಿದೆ, ಅದನ್ನೂ ನೋಡಿ. ಡೇಟಾಬೇಸ್‌ಗೆ ಅವು ಬೇಕಿರಬಹುದು, ಅದಕ್ಕೇ ಸಿಸ್ಟಮ್‌ನಿಂದ ಅಳಿಸುವ ಬದಲು ನೀವು ಕೆಲಸ ಮಾಡುವ ಕಮಾಂಡ್ ವಿಂಡೋದಲ್ಲಿ ಮಾತ್ರ ಖಾಲಿ ಮಾಡಿಕೊಳ್ಳಿ. ಕ್ಯೂಜಿಐಎಸ್ ಅನ್ನು ಪೂರ್ತಿ ತೆಗೆದು ಮತ್ತೆ ಹಾಕಿದರೆ ಸರಿಹೋಗುತ್ತದೆ ಅಂತ ಹಲವರು ಹೇಳುತ್ತಾರೆ. ಹೋಗುವುದಿಲ್ಲ. ವೇರಿಯಬಲ್ ಅಲ್ಲೇ ಇರುತ್ತದಲ್ವಾ!

ಹಾಗಾದರೆ ಯಾವ ದಾರಿ?

ವಿಂಡೋಸ್ ಯಂತ್ರ, ಕೆಲಸವೆಲ್ಲ ಹೆಚ್ಚಾಗಿ ಕ್ಯೂಜಿಐಎಸ್‌ನಲ್ಲಿ ಅಂತಾದರೆ ಓಎಸ್‌ಜಿಯೋ4ಡಬ್ಲ್ಯು ಅನ್ನುವ ಇನ್‌ಸ್ಟಾಲರ್ ಬಳಸಿ. ಕ್ಯೂಜಿಐಎಸ್, ಗ್ರಾಸ್, ಜಿಡಾಲ್, ಪ್ರೋಜ್ ಎಲ್ಲ ಒಂದಕ್ಕೊಂದು ಹೊಂದುವ ಆವೃತ್ತಿಯಲ್ಲಿ ಒಟ್ಟಿಗೆ ಬರುತ್ತವೆ. ಒಂದೇ ನಿಯಮ: ಕಮಾಂಡ್ ಓಡಿಸಬೇಕಾದರೆ ಅದರದೇ ಶೆಲ್ (ಕಮಾಂಡ್ ವಿಂಡೋ) ತೆರೆದು ಓಡಿಸಿ, ವಿಂಡೋಸ್‌ನ ಮಾಮೂಲಿ ಪ್ರಾಂಪ್ಟ್‌ನಲ್ಲಿ ಬೇಡ. ಆ ಶೆಲ್ ಬೇಕಾದ ವೇರಿಯಬಲ್‌ಗಳನ್ನೆಲ್ಲ ತಾನೇ ಸೆಟ್ ಮಾಡಿಕೊಂಡು ತೆರೆಯುತ್ತದೆ. ಇಸಿಡಬ್ಲ್ಯು ರೂಪದ ಚಿತ್ರಗಳು ನಿಮಗೆ ಬರುತ್ತಿದ್ದರೆ ಈ ದಾರಿಗೆ ಇನ್ನೊಂದು ಅನುಕೂಲವಿದೆ, ಅದನ್ನು ಓದುವ ಡ್ರೈವರ್ ಇಲ್ಲಿ ಬೇರೆ ಪ್ಯಾಕೇಜ್ ಆಗಿ ಸಿಗುತ್ತದೆ. ಇದರ ದುರ್ಬಲ ಜಾಗ ಪೈಥಾನ್. ಒಳಗಿರುವ ಪೈಥಾನ್‌ಗೆ ಪಿಪ್‌ನಿಂದ ಏನೇನೋ ಸೇರಿಸುತ್ತಾ ಹೋದರೆ, ಅದರಲ್ಲೂ ಲೆಕ್ಕದ ಲೈಬ್ರರಿ ನಮ್‌ಪೈ ಮೇಲಿನ ಆವೃತ್ತಿಗೆ ಏರಿಬಿಟ್ಟರೆ, ಕ್ಯೂಜಿಐಎಸ್‌ನ ಪ್ಲಗಿನ್‌ಗಳು ಮುರಿಯುತ್ತವೆ.

ಪೈಥಾನ್‌ನಲ್ಲೇ ಹೆಚ್ಚು ಬರೆಯುವವರಿಗೆ ನನ್ನ ಸಲಹೆ ಕಾಂಡಾ ಫೋರ್ಜ್, ಅಂದರೆ ಕಾಂಡಾಗೆ ಪ್ಯಾಕೇಜ್ ಕೊಡುವ ಒಂದು ಚಾನೆಲ್. ಅದರ ಇನ್‌ಸ್ಟಾಲರ್ ಮಿನಿಫೋರ್ಜ್ ಹಾಕಿ, ಪ್ರತಿ ಕೆಲಸಕ್ಕೂ ಹೊಸ ಎನ್ವಿರಾನ್‌ಮೆಂಟ್ (ಪ್ಯಾಕೇಜ್‌ಗಳ ಪ್ರತ್ಯೇಕ ಕೋಣೆ) ಮಾಡಿ. ಮೊದಲೇ ಇರುವ ಬೇಸ್‌ನಲ್ಲಿ ಏನನ್ನೂ ಹಾಕಬೇಡಿ. ಡೀಫಾಲ್ಟ್ಸ್ ಚಾನೆಲ್ ಮತ್ತು ಕಾಂಡಾ ಫೋರ್ಜ್ ಚಾನೆಲ್ ಎರಡನ್ನೂ ಬೆರೆಸಬೇಡಿ. ಬೆರೆತರೆ ಜಿಡಾಲ್ ಒಂದು ಕಡೆಯಿಂದ, ಅದಕ್ಕೆ ಬೇಕಾದ ಲೈಬ್ರರಿ ಇನ್ನೊಂದು ಕಡೆಯಿಂದ ಬಂದು ಇಂಪೋರ್ಟ್ ಆಗುವಾಗಲೇ ಬೀಳುತ್ತದೆ. ಇನ್ನೊಂದು ವಿಷಯ ಈಚೆಗೆ ಬಹಳ ಜನರನ್ನು ಕಾಡುತ್ತಿದೆ. ಕಾಂಡಾ ಫೋರ್ಜ್‌ನಲ್ಲಿ ಈಗ ಜಿಡಾಲ್‌ನ ಹಲವು ಡ್ರೈವರ್‌ಗಳು ಬೇರೆ ಬೇರೆ ಪ್ಯಾಕೇಜ್‌ಗಳಾಗಿವೆ. ನೆಟ್‌ಸಿಡಿಎಫ್, ಎಚ್‌ಡಿಎಫ್5, ಜೆಪಿ2, ಪಾರ್ಕೆ ಎಲ್ಲವೂ ಬೇರೆ. ಸೆಂಟಿನೆಲ್-2 ಉಪಗ್ರಹದ ಚಿತ್ರದ ಬ್ಯಾಂಡ್‌ಗಳು (ಒಂದೊಂದು ಬಣ್ಣದ ಪದರ) ಬರುವುದು ಜೆಪಿ2 ರೂಪದಲ್ಲಿ. ಆ ಪ್ಯಾಕೇಜ್ ಇಲ್ಲದಿದ್ದರೆ ಒಳ್ಳೆಯ ಫೈಲ್ ಇದ್ದರೂ ಈ ಫಾರ್ಮ್ಯಾಟ್ ಗೊತ್ತಿಲ್ಲ ಎಂದುಬಿಡುತ್ತದೆ. ಫೈಲ್ ಮತ್ತೆ ಡೌನ್‌ಲೋಡ್ ಮಾಡುವ ಮುಂಚೆ ಜಿಡಾಲ್‌ಇನ್ಫೋಗೆ ಫಾರ್ಮ್ಯಾಟ್ಸ್ ಆಪ್ಷನ್ ಕೊಟ್ಟು ಡ್ರೈವರ್ ಪಟ್ಟಿ ನೋಡಿ.

ಪಿಪ್ ವಿಚಾರದಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಒಂದೇ ಹೆಸರಲ್ಲಿ ಓಡಾಡುತ್ತವೆ. ರಾಸ್ಟೀರಿಯೊ, ಪಯೋಗ್ರಿಯೊ, ಜಿಯೋಪಾಂಡಾಸ್‌ಗಳನ್ನು ಪಿಪ್‌ನಿಂದ ಹಾಕುವುದು ಸುಲಭ. ಅವುಗಳ ಸಿದ್ಧ ಪ್ಯಾಕೇಜ್ ಆದ ವೀಲ್‌ ಒಳಗೇ ಜಿಡಾಲ್ ಇರುತ್ತದೆ, ಬೇರೆ ಏನೂ ಬೇಕಿಲ್ಲ. ಜಿಯೋಟಿಫ್ (ಸ್ಥಳದ ಮಾಹಿತಿ ಇರುವ ಟಿಫ್ ಚಿತ್ರ) ಓದಿ, ಲೆಕ್ಕ ಮಾಡಿ, ಬರೆಯುವಷ್ಟೇ ಕೆಲಸವಿದ್ದರೆ ಇದಕ್ಕಿಂತ ಹಗುರವಾದ ದಾರಿ ಇಲ್ಲ. ಆದರೆ ಜಿಡಾಲ್ ಅನ್ನೇ ಪಿಪ್‌ನಿಂದ ಹಾಕಲು ಹೊರಟರೆ ಕಥೆ ಬೇರೆ. ಅಲ್ಲಿ ಸಿಗುವುದು ಪೈಥಾನ್ ಕೊಂಡಿ ಮಾತ್ರ, ಅದೂ ನಿಮ್ಮ ಯಂತ್ರದಲ್ಲೇ ಕಂಪೈಲ್ ಆಗಬೇಕು. ಲಿನಕ್ಸ್‌ನಲ್ಲಿ ಮೊದಲು ಲಿಬ್‌ಜಿಡಾಲ್‌ನ ಡೆವ್ ಪ್ಯಾಕೇಜ್ ಬೇಕು. ಆಮೇಲೆ ಜಿಡಾಲ್ ಕಾನ್ಫಿಗ್ ಹೇಳುವ ಆವೃತ್ತಿಯನ್ನೇ ಪಿಪ್‌ಗೂ ಕೊಡಬೇಕು. ಆವೃತ್ತಿ ಹೊಂದದಿದ್ದರೆ ಪರದೆ ತುಂಬ ಕಂಪೈಲರ್ ಎರರ್. ಇದೆಲ್ಲ ದಾಟಿದ ಮೇಲೂ ಜಿಡಾಲ್ ಅರೇ ಇಂಪೋರ್ಟ್ ಆಗುವುದಿಲ್ಲ ಅನ್ನುವ ಎರರ್ ಬರಬಹುದು. ಕಂಪೈಲ್ ಆಗುವಾಗ ನಮ್‌ಪೈ ಕಣ್ಣಿಗೆ ಬಿದ್ದಿಲ್ಲ ಅಂತ ಅದರ ಅರ್ಥ. ಮೊದಲು ನಮ್‌ಪೈ ಹಾಕಿ, ಬಿಲ್ಡ್ ಐಸೊಲೇಷನ್ ಬೇಡ ಅನ್ನುವ ಆಪ್ಷನ್ ಕೊಟ್ಟು, ಹಳೆಯ ಕ್ಯಾಶ್ ಬಳಸದೆ ಮತ್ತೆ ಹಾಕಿ. ವೀಲ್‌ನಿಂದ ಬಂದ ರಾಸ್ಟೀರಿಯೊ ಮತ್ತು ಹೀಗೆ ಕಂಪೈಲ್ ಮಾಡಿದ ಜಿಡಾಲ್ ಎರಡನ್ನೂ ಒಂದೇ ಪ್ರೋಗ್ರಾಂನಲ್ಲಿ ಇಂಪೋರ್ಟ್ ಮಾಡಬೇಡಿ. ಕೆಲವು ಸಲ ನಡೆಯುತ್ತದೆ, ಕೆಲವು ಸಲ ಎರರ್ ಕೂಡ ಕೊಡದೆ ಪೈಥಾನ್ ಸತ್ತುಹೋಗುತ್ತದೆ.

ಸರ್ವರ್‌ನಲ್ಲಿ ಉಬುಂಟು ಇದ್ದರೆ ಅದರದೇ ಇನ್‌ಸ್ಟಾಲರ್ ಆಪ್ಟ್ ಸಾಕು. ಗಟ್ಟಿ, ಆದರೆ ಹಳೆಯದು. 22.04ರಲ್ಲಿ ಬರುವುದು ಜಿಡಾಲ್ 3.4.1, 24.04ರಲ್ಲಿ 3.8.4. ಹೊಸದು ಬೇಕೆಂದು ಉಬುಂಟು ಜಿಐಎಸ್ ಪಿಪಿಎ (ಹೊರಗಿನ ಪ್ಯಾಕೇಜ್ ಸಂಗ್ರಹ) ಸೇರಿಸಬಹುದು, ಆದರೆ ಆಗ ಗ್ರಾಸ್, ಕ್ಯೂಜಿಐಎಸ್ ಕೂಡ ಅಲ್ಲಿಂದಲೇ ಬದಲಾಗುತ್ತವೆ ಅನ್ನುವುದು ಗೊತ್ತಿರಲಿ. ಓಡುತ್ತಿರುವ ಸರ್ವರ್‌ನಲ್ಲಿ ನಾನು ಹಾಗೆ ಮಾಡುವುದಿಲ್ಲ. ಹೊಸ ಆವೃತ್ತಿ ಬೇಕಾದ ಕಡೆ ಡಾಕರ್ ಒಳ್ಳೆಯದು, ಪ್ರೋಗ್ರಾಂ ತನಗೆ ಬೇಕಾದದ್ದೆಲ್ಲ ಇರುವ ಪೆಟ್ಟಿಗೆಯೊಳಗೆ ಓಡುತ್ತದೆ. ಜಿಡಾಲ್ ಯೋಜನೆಯವರೇ ಇಮೇಜ್‌ಗಳನ್ನು ಕೊಡುತ್ತಾರೆ, ಸಣ್ಣದೂ ಇದೆ, ಬಹುತೇಕ ಎಲ್ಲ ಡ್ರೈವರ್ ಇರುವ ಫುಲ್ ಕೂಡ ಇದೆ. ನಿಮ್ಮ ಯಂತ್ರದಲ್ಲಿ ನಡೆದದ್ದು ಸಹೋದ್ಯೋಗಿಯ ಯಂತ್ರದಲ್ಲೂ ಹಾಗೆಯೇ ನಡೆಯಬೇಕಾದರೆ ಇದೇ ದಾರಿ. ಹೊರಗಿನ ಫೋಲ್ಡರ್‌ಗೆ ಬರೆದ ಫೈಲ್‌ಗಳು ರೂಟ್ ಹೆಸರಲ್ಲಿ ಕೂರುತ್ತವೆ, ಅದಕ್ಕೆ ಯೂಸರ್ ಆಪ್ಷನ್ ಮೊದಲೇ ಕೊಟ್ಟುಬಿಡಿ.

ನಕ್ಷೆ ಎಲ್ಲೋ ಹೋಗಿ ಬಿದ್ದರೆ

ಇನ್‌ಸ್ಟಾಲೇಷನ್ ಸರಿ ಇದ್ದೂ ಲೇಯರ್ ತಪ್ಪು ಜಾಗದಲ್ಲಿ ಕಾಣುವುದು ಎರಡನೇ ದೊಡ್ಡ ತೊಂದರೆ. ಇಲ್ಲಿ ಎರರ್ ಸಂದೇಶ ಬರುವುದಿಲ್ಲ. ಆದರೆ ಬಿದ್ದ ಜಾಗವೇ ಕಾರಣ ಹೇಳುತ್ತದೆ.

ಬೆಂಗಳೂರು ಸುಮಾರು 12.97 ಉತ್ತರ, 77.59 ಪೂರ್ವ. ನಿಮ್ಮ ಬೆಂಗಳೂರಿನ ಚುಕ್ಕಿ ಉತ್ತರ ಧ್ರುವದ ಹತ್ತಿರ, ಸ್ವಾಲ್ಬಾರ್ಡ್ ದ್ವೀಪಗಳ ಪಕ್ಕದ ಸಮುದ್ರದಲ್ಲಿ ಬಿದ್ದಿದ್ದರೆ ಅಕ್ಷಾಂಶ ರೇಖಾಂಶ ಅದಲುಬದಲಾಗಿವೆ. 2019ರಲ್ಲಿ ಬಂದ ಜಿಡಾಲ್ 3.0ರಿಂದ ಇದು ಜಾಸ್ತಿಯಾಯಿತು. ಅಲ್ಲಿಂದ ಇಪಿಎಸ್‌ಜಿ 4326ಕ್ಕೆ ಅದರ ಅಧಿಕೃತ ಕ್ರಮದಂತೆ ಅಕ್ಷಾಂಶ ಮೊದಲು. ಹಳೆಯ ಪೈಥಾನ್ ಸ್ಕ್ರಿಪ್ಟ್‌ಗಳು ರೇಖಾಂಶ ಮೊದಲು ಎಂದುಕೊಂಡು ಬರೆದವು. ಆಕ್ಸಿಸ್ ಮ್ಯಾಪಿಂಗ್ ಸ್ಟ್ರಾಟಜಿಯನ್ನು ಸಾಂಪ್ರದಾಯಿಕ ಜಿಐಎಸ್ ಕ್ರಮಕ್ಕೆ ಸೆಟ್ ಮಾಡುವ ಒಂದು ಸಾಲು ಸೇರಿಸಿದರೆ ಸರಿಹೋಗುತ್ತದೆ.

ಅದೇ ಚುಕ್ಕಿ ಮಾಲ್ಡೀವ್ಸ್‌ನ ಪಶ್ಚಿಮಕ್ಕೆ ಭೂಮಧ್ಯರೇಖೆಯ ಮೇಲೆ ಬಿದ್ದಿದೆಯಾ? ಹಾಗಿದ್ದರೆ ಡಿಗ್ರಿಯಲ್ಲಿರುವ ಸಂಖ್ಯೆಗಳಿಗೆ ಯಾರೋ ಮೀಟರ್ ಲೆಕ್ಕದ ಯುಟಿಎಂ ವಲಯ 43 ಉತ್ತರ, ಅಂದರೆ ಇಪಿಎಸ್‌ಜಿ 32643 ಅಂತ ಹಣೆಪಟ್ಟಿ ಅಂಟಿಸಿದ್ದಾರೆ. 77 ಡಿಗ್ರಿ ಅನ್ನುವುದು 77 ಮೀಟರ್ ಆಯಿತು. ಆಫ್ರಿಕಾದ ಪಶ್ಚಿಮದ ಗಿನಿ ಕೊಲ್ಲಿಯಲ್ಲಿ ಬಿದ್ದಿದ್ದರೆ ಎರಡೂ ಸೊನ್ನೆ, ಅಂದರೆ ಎಕ್ಸೆಲ್‌ನಲ್ಲಿ ಆ ಸಾಲು ಖಾಲಿ ಇತ್ತು.

ಇಲ್ಲಿ ಆಯ್ಕೆ ಎರಡು ಕೆಲಸಗಳ ನಡುವೆ: ಹಣೆಪಟ್ಟಿ ಬದಲಿಸುವುದು, ಸಂಖ್ಯೆಗಳನ್ನೇ ಬದಲಿಸುವುದು. ಕ್ಯೂಜಿಐಎಸ್‌ನಲ್ಲಿ ಅಸೈನ್ ಪ್ರೊಜೆಕ್ಷನ್ ಮತ್ತು ರಿಪ್ರೊಜೆಕ್ಟ್. ಕಮಾಂಡ್‌ನಲ್ಲಿ ಜಿಡಾಲ್ ಟ್ರಾನ್ಸ್‌ಲೇಟ್‌ನ ಎ ಎಸ್‌ಆರ್‌ಎಸ್ ಹಣೆಪಟ್ಟಿಗೆ, ಜಿಡಾಲ್ ವಾರ್ಪ್‌ನ ಟಿ ಎಸ್‌ಆರ್‌ಎಸ್ ನಿಜವಾದ ಬದಲಾವಣೆಗೆ. ಲೇಯರ್ ಈಗ ತಪ್ಪು ಜಾಗದಲ್ಲಿದ್ದರೆ ಮೊದಲನೆಯದು. ಸರಿಯಾದ ಜಾಗದಲ್ಲೇ ಇದೆ, ನಮಗೆ ಮೀಟರ್ ಲೆಕ್ಕ ಬೇಕು ಅಂದರೆ ಎರಡನೆಯದು. ತಪ್ಪು ಹಣೆಪಟ್ಟಿ ಇರುವ ಫೈಲನ್ನು ವಾರ್ಪ್ ಮಾಡಿದರೆ ತಪ್ಪು ಸಂಖ್ಯೆಗಳ ಒಳಗೇ ಇಳಿದುಬಿಡುತ್ತದೆ. ಮೂಲ ಫೈಲ್ ಇಲ್ಲದಿದ್ದರೆ ಅದನ್ನು ಬಿಡಿಸುವುದು ಕಷ್ಟ.

ಕರ್ನಾಟಕದವರಿಗೆ ಇನ್ನೊಂದು ಮಾತು. ನಮ್ಮ ರಾಜ್ಯದ ಬಹುಭಾಗ ಯುಟಿಎಂ 43ರಲ್ಲಿದೆ. ಆದರೆ ವಲಯದ ಗಡಿ 78 ಡಿಗ್ರಿ, ಕೋಲಾರ, ಮುಳಬಾಗಿಲು, ಕೆಜಿಎಫ್ ಅದರಾಚೆ 44ರಲ್ಲಿ ಬೀಳುತ್ತವೆ. ಅಲ್ಲಿನ ಉಪಗ್ರಹ ಚಿತ್ರ 44ರಲ್ಲಿ ಬಂದು, ಜಿಲ್ಲಾ ಗಡಿ 43ರಲ್ಲಿ ಇದ್ದರೆ ಕ್ಲಿಪ್ ಮಾಡಿದಾಗ ಖಾಲಿ ಚಿತ್ರ ಸಿಗಬಹುದು. ಇಡೀ ರಾಜ್ಯದ ಕೆಲಸಕ್ಕೆ ಎಲ್ಲವನ್ನೂ 43ಕ್ಕೆ ತಂದುಕೊಳ್ಳಿ. ಮುಳಬಾಗಿಲಿನಲ್ಲಿ ಆಗುವ ಅಳತೆಯ ವ್ಯತ್ಯಾಸ ಕಿಲೋಮೀಟರಿಗೆ ಒಂದು ಮೀಟರ್‌ಗಿಂತ ಸ್ವಲ್ಪ ಜಾಸ್ತಿ, ಅಷ್ಟೆ. ಬರೀ ಕೋಲಾರ ಜಿಲ್ಲೆಯ ಕೆಲಸವಾದರೆ 44 ಬಳಸಿ.

ವೆಕ್ಟರ್: ಶೇಪ್‌ಫೈಲ್ ಬಿಡುವ ಕಾಲ

ಕನ್ನಡದಲ್ಲಿ ಡೇಟಾ ಇಡುವವರಿಗೆ ಶೇಪ್‌ಫೈಲ್ ಅನ್ನುವ ಹಳೆಯ ವೆಕ್ಟರ್ ಫಾರ್ಮ್ಯಾಟ್ ತಕ್ಕುದಲ್ಲ. ಇದನ್ನು ಸುತ್ತುಬಳಸಿ ಹೇಳುವುದಿಲ್ಲ. ಅದರ ಕಾಲಂ ಹೆಸರಿಗೆ 10 ಬೈಟ್ ಮಿತಿ ಇದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್ ಬೇಕು. ಒತ್ತು, ಸ್ವರ ಚಿಹ್ನೆ ಎಲ್ಲ ಬೇರೆ ಬೇರೆ ಲೆಕ್ಕ. ಅಂದರೆ ‘ಹೋಬಳಿ’ ಅಂತ ಕಾಲಂ ಹೆಸರಿಟ್ಟರೂ ಅದು ಹಿಡಿಯುವುದಿಲ್ಲ. ಒಳಗಿನ ಪಠ್ಯಕ್ಕೆ 254 ಬೈಟ್, ಅಂದರೆ ಸುಮಾರು 84 ಚಿಹ್ನೆ. ಅದಕ್ಕಿಂತ ಉದ್ದದ ವಿಳಾಸ ನಡುವೆ ಕತ್ತರಿಸಿಹೋಗುತ್ತದೆ. ಈ ಮಾಹಿತಿ ಪಟ್ಟಿ ಇರುವ ಡಿಬಿಎಫ್ ಭಾಗಕ್ಕೆ 2 ಜಿಬಿ ಮಿತಿ ಬೇರೆ.

ಬಂದ ಶೇಪ್‌ಫೈಲ್‌ನಲ್ಲಿ ಊರ ಹೆಸರುಗಳು ವಿಚಿತ್ರವಾಗಿ ಕಂಡರೆ ಎರಡು ಸಾಧ್ಯತೆ. ಯೂನಿಕೋಡ್ ಕನ್ನಡವನ್ನು ಬೇರೆ ಎನ್‌ಕೋಡಿಂಗ್‌ ಎಂದುಕೊಂಡು ಓದಿರಬಹುದು. ಆಗ ಜೊತೆಯಲ್ಲಿ ಎನ್‌ಕೋಡಿಂಗ್ ಹೇಳುವ ಸಿಪಿಜಿ ಫೈಲ್ ಇದೆಯಾ ನೋಡಿ. ಇಲ್ಲದಿದ್ದರೆ ಯುಟಿಎಫ್-8 ಎಂಬ ಒಂದು ಸಾಲು ಬರೆದು ಅದೇ ಹೆಸರಲ್ಲಿ ಇಡಿ, ಅಥವಾ ಶೇಪ್ ಎನ್‌ಕೋಡಿಂಗ್ ಆಪ್ಷನ್ ಬಳಸಿ. ಎರಡನೇ ಸಾಧ್ಯತೆ, ಅದು ನುಡಿಯ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದು. ಅಲ್ಲಿರುವುದು ನಿಜಕ್ಕೂ ಕನ್ನಡ ಅಕ್ಷರಗಳಲ್ಲ, ಫಾಂಟ್ ಇದ್ದಾಗ ಮಾತ್ರ ಕನ್ನಡದಂತೆ ಕಾಣುವ ಲ್ಯಾಟಿನ್ ಚಿಹ್ನೆಗಳು. ಯಾವ ಎನ್‌ಕೋಡಿಂಗ್ ಆಪ್ಷನ್ ಕೊಟ್ಟರೂ ಇದು ಸರಿಯಾಗುವುದಿಲ್ಲ. ಆಸ್ಕಿಯಿಂದ ಯೂನಿಕೋಡ್‌ಗೆ ಬದಲಿಸುವ ಕನ್ವರ್ಟರ್ ಮೂಲಕ ಆ ಕಾಲಂ ಹಾಯಿಸಿಯೇ ಆಗಬೇಕು. ಮಾಡುವ ಮುಂಚೆ ಜಿಯೋಪ್ಯಾಕೇಜ್ ಅನ್ನುವ ಹೊಸ ಫಾರ್ಮ್ಯಾಟ್‌ಗೆ ಬದಲಿಸಿಕೊಳ್ಳಿ, ಯಾಕೆಂದರೆ ಯೂನಿಕೋಡ್ ಆದಾಗ ಪಠ್ಯದ ಬೈಟ್ ಹೆಚ್ಚಾಗುತ್ತದೆ, ಡಿಬಿಎಫ್‌ನ ಕಾಲಂ ಅಗಲ ಸಾಲುವುದಿಲ್ಲ.

ಶೇಪ್‌ಫೈಲ್‌ನ ಸೂಚಿಯಾದ ಎಸ್‌ಎಚ್‌ಎಕ್ಸ್ ಫೈಲ್ ಕಳೆದುಹೋಗಿ ತೆರೆಯದಿದ್ದರೆ ಗಾಬರಿ ಬೇಡ. ಶೇಪ್ ರಿಸ್ಟೋರ್ ಎಸ್‌ಎಚ್‌ಎಕ್ಸ್ ಅನ್ನುವ ಆಪ್ಷನ್‌ಗೆ ಯೆಸ್ ಕೊಟ್ಟರೆ ಅದನ್ನು ಮತ್ತೆ ಕಟ್ಟಿಕೊಡುತ್ತದೆ. ಡಿಬಿಎಫ್ ಹೋದರೆ ಮಾತ್ರ ಮಾಹಿತಿ ಹೋದಂತೆಯೇ.

ಬದಲಿಗೆ ಏನು? ಮಾಮೂಲಿ ಕೆಲಸಕ್ಕೆ ಜಿಯೋಪ್ಯಾಕೇಜ್. ಒಂದೇ ಫೈಲ್, ಹಲವು ಲೇಯರ್, ಯೂನಿಕೋಡ್ ಸಮಸ್ಯೆ ಇಲ್ಲ. ಅದರ ಒಂದೇ ಕಿರಿಕಿರಿ ಬೀಗ. ಅದು ಒಳಗೆ ಎಸ್‌ಕ್ಯೂಲೈಟ್ ಡೇಟಾಬೇಸ್. ಕಚೇರಿಯ ನೆಟ್‌ವರ್ಕ್ ಡ್ರೈವ್‌ನಲ್ಲಿಟ್ಟು ನಾಲ್ಕು ಜನ ತೆರೆದರೆ ಡೇಟಾಬೇಸ್ ಲಾಕ್ ಆಗಿದೆ ಎನ್ನುತ್ತದೆ. ಕ್ಯೂಜಿಐಎಸ್ ತೆರೆದಿರುವಾಗ ಪಕ್ಕದಲ್ಲಿ ಕಾಣುವ ವಾಲ್ ಫೈಲನ್ನು ಅಳಿಸಬೇಡಿ, ಇನ್ನೂ ಸೇರದ ತಿದ್ದುಪಡಿಗಳು ಅದರಲ್ಲೇ ಇರಬಹುದು. ಹಲವರು ಒಟ್ಟಿಗೆ ತಿದ್ದಬೇಕಾದರೆ ಪೋಸ್ಟ್‌ಜಿಐಎಸ್‌ಗೆ ಹೋಗುವುದೇ ಸರಿ. ವೆಬ್‌ನಿಂದ ತುಂಡು ತುಂಡಾಗಿ ಓದಿಸಬೇಕಾದರೆ ಫ್ಲ್ಯಾಟ್‌ಜಿಯೋಬಫ್. ಲಕ್ಷಾಂತರ ಸಾಲುಗಳ ವಿಶ್ಲೇಷಣೆಗೆ ಜಿಯೋಪಾರ್ಕೆ.

ಗಡಿಗಳ ತಪ್ಪು ಸರಿಪಡಿಸುವಲ್ಲಿ ಟೂಲ್ ಆಯ್ಕೆ ಮುಖ್ಯ. ಒಂದೇ ಪಾಲಿಗನ್ (ಗಡಿಯ ಆಕೃತಿ) ತನ್ನನ್ನೇ ದಾಟಿಕೊಂಡಿದೆ ಅಂತ ಎರರ್ ಬಂದರೆ ಕ್ಯೂಜಿಐಎಸ್‌ನ ಫಿಕ್ಸ್ ಜಿಯೋಮೆಟ್ರೀಸ್ ಅಥವಾ ಓಜಿಆರ್2ಓಜಿಆರ್‌ನ ಮೇಕ್‌ವ್ಯಾಲಿಡ್ ಸಾಕು. ಸಾವಿರಾರು ಫೈಲ್ ಇದ್ದರೆ ಎರಡನೆಯದು. ಆದರೆ ಇವೆರಡಕ್ಕೂ ಅಕ್ಕಪಕ್ಕದ ಪಾಲಿಗನ್ ಯಾವುದು ಅಂತ ಗೊತ್ತಿಲ್ಲ. ಎರಡು ಹಳ್ಳಿಗಳ ಗಡಿಯ ನಡುವೆ ಸಣ್ಣ ಸೀಳು ಬಿಟ್ಟಿದ್ದರೆ, ಅಥವಾ ಒಂದರ ಮೇಲೊಂದು ಹತ್ತಿದ್ದರೆ, ಅವು ಮುಟ್ಟುವುದೇ ಇಲ್ಲ. ಅಲ್ಲಿ ಗ್ರಾಸ್ ಬೇಕು. ಗ್ರಾಸ್‌ನಲ್ಲಿ ಎರಡು ಹಳ್ಳಿಗಳ ನಡುವಿನ ಗಡಿ ಒಂದೇ ಗೆರೆ. ಫೈಲ್ ಒಳಗೆ ತರುವಾಗಲೇ ಸ್ನ್ಯಾಪ್ ದೂರ (ಎಷ್ಟು ಹತ್ತಿರದ ಗೆರೆಗಳನ್ನು ಕೂಡಿಸಬೇಕು ಎಂಬುದು) ಕೊಟ್ಟು, ಆಮೇಲೆ ವಿ ಕ್ಲೀನ್‌ನಲ್ಲಿ ಸಣ್ಣ ತುಂಡುಗಳನ್ನು ತೆಗೆಸಿ. ಕಲಿಯಲು ಸ್ವಲ್ಪ ಹೊತ್ತು ಹಿಡಿಯುತ್ತದೆ, ಆದರೆ ಗ್ರಾಮ ನಕ್ಷೆಗಳಿಗೆ ಇದಕ್ಕೆ ಸಮನಾದದ್ದು ನಾನು ಕಂಡಿಲ್ಲ. ಸ್ಕಿಪ್ ಫೇಲ್ಯೂರ್ಸ್ ಆಪ್ಷನ್ ಕೊಟ್ಟು ಎರರ್ ದಾಟಿಸುವುದು ಮಾತ್ರ ಬೇಡ. ಹಾಳಾದ ಸಾಲುಗಳು ಸದ್ದಿಲ್ಲದೆ ಬಿದ್ದುಹೋಗುತ್ತವೆ, ಒಂದು ಹಳ್ಳಿಯೇ ನಕ್ಷೆಯಿಂದ ಕಾಣೆಯಾಗಬಹುದು.

ರಾಸ್ಟರ್

ಸೆಂಟಿನೆಲ್-2ರ ಒಂದು ಟೈಲ್‌ನ (ಚೌಕದ ತುಂಡು) 10 ಮೀಟರ್ ಬ್ಯಾಂಡ್ 10980 ಗುಣಿಲೆ 10980 ಪಿಕ್ಸೆಲ್. 16 ಬಿಟ್ ಆದ್ದರಿಂದ ಒತ್ತದೆ ಇಟ್ಟರೆ ಸುಮಾರು 241 ಎಂಬಿ. ನಾಲ್ಕು ಬ್ಯಾಂಡ್, ಐದಾರು ಟೈಲ್ ಸೇರಿಸಿದರೆ ಮಾಮೂಲಿ ಟಿಫ್‌ನ 4 ಜಿಬಿ ಮಿತಿ ದಾಟುತ್ತದೆ. ಕಂಪ್ರೆಷನ್ ಇಲ್ಲದಿದ್ದರೆ ಜಿಡಾಲ್ ಮೊದಲೇ ಲೆಕ್ಕ ಹಾಕಿ ತಾನೇ ದೊಡ್ಡ ಫೈಲ್‌ಗಾಗಿಯೇ ಇರುವ ಬಿಗ್‌ಟಿಫ್ ಮಾಡುತ್ತದೆ. ಕಂಪ್ರೆಷನ್ ಇದ್ದರೆ ಕೊನೆಗೆ ಎಷ್ಟಾಗುತ್ತದೆ ಅಂತ ಅದಕ್ಕೂ ಗೊತ್ತಿರುವುದಿಲ್ಲ, ಗಂಟೆಗಟ್ಟಲೆ ಓಡಿ ನಡುವೆ ನಿಂತುಬಿಡುತ್ತದೆ. ಬಿಗ್‌ಟಿಫ್‌ಗೆ ಇಫ್ ಸೇಫರ್ ಅಂತ ಕೊಡುವ ಅಭ್ಯಾಸ ಮಾಡಿಕೊಳ್ಳಿ. ಟೈಲ್‌ಗಳನ್ನು ಒಂದಾಗಿ ನೋಡಿದರೆ ಸಾಕು ಅನ್ನುವುದಾದರೆ ಮೊಸಾಯಿಕ್ ಫೈಲ್ ಯಾಕೆ? ಮೂಲ ಫೈಲ್‌ಗಳತ್ತ ಬೊಟ್ಟು ಮಾಡುವ ಸಣ್ಣ ಫೈಲ್ ಕಟ್ಟುವ ಜಿಡಾಲ್ ಬಿಲ್ಡ್ ವಿಆರ್‌ಟಿ ಕ್ಷಣದಲ್ಲಿ ಮುಗಿಯುತ್ತದೆ, ಡಿಸ್ಕ್ ಕೂಡ ತಿನ್ನುವುದಿಲ್ಲ. ಮೂಲ ಫೈಲ್‌ಗಳನ್ನು ಆಮೇಲೆ ಜಾಗ ಬದಲಿಸಬಾರದು, ಅಷ್ಟೆ.

ರಿಸ್ಯಾಂಪ್ಲಿಂಗ್ (ಪಿಕ್ಸೆಲ್‌ಗಳನ್ನು ಹೊಸ ಚೌಕಳಿಗೆ ಹೊಂದಿಸುವುದು) ಬಗ್ಗೆ ಚಿಕ್ಕದಾಗಿ: ವಾರ್ಪ್ ತಾನಾಗಿ ಬಳಸುವುದು ನಿಯರ್, ಅಂದರೆ ಹತ್ತಿರದ ಪಿಕ್ಸೆಲ್‌ನ ಮೌಲ್ಯ. ಕಾಡು, ಹೊಲ, ನೀರು ಅಂತ ವರ್ಗ ಮಾಡಿದ ನಕ್ಷೆಗೆ ಅದೇ ಸರಿ. ಎತ್ತರದ ನಕ್ಷೆ, ಅಂದರೆ ಡೆಮ್‌ಗೆ ಬೈಲೀನಿಯರ್ ಕೊಡಿ, ಇಲ್ಲದಿದ್ದರೆ ಇಳಿಜಾರು ಲೆಕ್ಕದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ.

ಲೆಕ್ಕ ಹಾಕುವಾಗ ಕ್ಯೂಜಿಐಎಸ್‌ನ ರಾಸ್ಟರ್ ಕ್ಯಾಲ್ಕುಲೇಟರ್, ಜಿಡಾಲ್ ಕ್ಯಾಲ್ಕ್, ಗ್ರಾಸ್‌ನ ಆರ್ ಮ್ಯಾಪ್‌ಕ್ಯಾಲ್ಕ್ ಮೂರೂ ಬೇರೆ ಬೇರೆ ರೀತಿ ಕೈಕೊಡುತ್ತವೆ. ಜಿಡಾಲ್ ಕ್ಯಾಲ್ಕ್‌ನಲ್ಲಿ ಹಸಿರಿನ ಸೂಚ್ಯಂಕ ಎನ್‌ಡಿವಿಐ ಎಲ್ಲ ಕಡೆ ಸೊನ್ನೆ ಅಥವಾ ಅಸಂಬದ್ಧ ಬಂದರೆ ಪೂರ್ಣಾಂಕದ ಬ್ಯಾಂಡ್‌ಗಳನ್ನು ಹಾಗೇ ಕಳೆದಿದ್ದೀರಿ. ಮೊದಲು ಫ್ಲೋಟ್ (ದಶಮಾಂಶ ಸಂಖ್ಯೆ) ಮಾಡಿ, ಔಟ್‌ಪುಟ್ ಟೈಪ್ ಕೂಡ ಫ್ಲೋಟ್32 ಕೊಡಿ. ಗ್ರಾಸ್‌ನಲ್ಲಿ ಚಿತ್ರ ಅರ್ಧಕ್ಕೆ ಕತ್ತರಿಸಿ ಬಂದರೆ ರೀಜನ್ (ಲೆಕ್ಕ ಹಾಕುವ ವ್ಯಾಪ್ತಿ) ಹಳೆಯ ಲೇಯರ್‌ನದೇ ಉಳಿದಿದೆ. ಜಿ ರೀಜನ್ ಕೊಟ್ಟು ಈಗಿನ ರಾಸ್ಟರ್‌ಗೆ ಹೊಂದಿಸಿ.

ಕೆಲವು ಸಲ ಸಾಫ್ಟ್‌ವೇರ್ ತಪ್ಪೇ ಇರುವುದಿಲ್ಲ. 2022ರ ಜನವರಿ 25ರ ನಂತರದ ಸೆಂಟಿನೆಲ್-2 ಡೇಟಾದಲ್ಲಿ ಮೌಲ್ಯಗಳಿಗೆ 1000 ಸೇರಿಸಿ ಇಟ್ಟಿರುತ್ತಾರೆ. 2021ರ ಮತ್ತು 2023ರ ಚಿತ್ರಗಳನ್ನು ಸುಮ್ನೆ ಹೋಲಿಸಿದರೆ ಹಸಿರು ಕಡಿಮೆಯಾದಂತೆ ಕಾಣುತ್ತದೆ. ಕೆರೆ, ಕಾಡಿನ ಬಗ್ಗೆ ವರದಿ ಬರೆಯುವವರು ಇದನ್ನು ದಯವಿಟ್ಟು ನೋಡಿಕೊಳ್ಳಿ. ಲೆಕ್ಕಕ್ಕೆ ಮುಂಚೆ ಹೊಸ ಚಿತ್ರದಿಂದ ಆ 1000 ಕಳೆಯಬೇಕು.

ಕಾರಣ ಹುಡುಕಲು ಎಲ್ಲಿ ಕೂರಬೇಕು

ಕಣ್ಣಿಗೆ ಕಾಣುವ ತಪ್ಪಿಗೆ ಕ್ಯೂಜಿಐಎಸ್, ಕಾಣದ ತಪ್ಪಿಗೆ ಕಮಾಂಡ್ ಲೈನ್. ಕ್ಯೂಜಿಐಎಸ್ ಪ್ರೊಸೆಸಿಂಗ್ ಟೂಲ್ ಓಡಿಸಿದಾಗ ಲಾಗ್‌ನಲ್ಲಿ ಅದು ಕರೆದ ಜಿಡಾಲ್ ಕಮಾಂಡ್ ಪೂರ್ತಿ ಸಿಗುತ್ತದೆ. ಅದನ್ನು ನಕಲು ಮಾಡಿ ಶೆಲ್‌ನಲ್ಲಿ ಓಡಿಸಿ. ಅಲ್ಲೂ ಅದೇ ಎರರ್ ಬಂದರೆ ತೊಂದರೆ ಡೇಟಾದಲ್ಲಿ ಅಥವಾ ಜಿಡಾಲ್‌ನಲ್ಲಿ. ಅಲ್ಲಿ ನಡೆದು ಕ್ಯೂಜಿಐಎಸ್‌ನಲ್ಲಿ ಮಾತ್ರ ಬಿದ್ದರೆ ಪ್ಲಗಿನ್ ಅಥವಾ ಪಾತ್ ನೋಡಿ. ಪೈಥಾನ್‌ನಲ್ಲಿ ಜಿಡಾಲ್ ಬಳಸುವವರು ಮೊದಲ ಸಾಲಲ್ಲೇ ಯೂಸ್ ಎಕ್ಸೆಪ್ಷನ್ಸ್ ಕರೆಯಿರಿ. ಇಲ್ಲದಿದ್ದರೆ ಫೈಲ್ ತೆರೆಯದಿದ್ದರೂ ಸುಮ್ಮನೆ ‘ನನ್’ (ಏನೂ ಇಲ್ಲ ಎಂಬ ಉತ್ತರ) ಕೊಟ್ಟು ಮುಂದೆ ಹೋಗುತ್ತದೆ, ಎರರ್ ಹತ್ತು ಸಾಲು ಆಚೆ ಸಿಡಿಯುತ್ತದೆ.

ಏನೂ ತಿಳಿಯದಿದ್ದರೆ ಜಿಡಾಲ್‌ನ ಸಿಪಿಎಲ್ ಡೀಬಗ್ ಸೆಟ್ಟಿಂಗ್ ಅನ್ನು ಆನ್ ಮಾಡಿ ಅದೇ ಕಮಾಂಡ್ ಮತ್ತೆ ಓಡಿಸಿ. ಯಾವ ಡ್ರೈವರ್ ಪ್ರಯತ್ನಿಸಿತು, ಯಾವ ಫೈಲ್ ಹುಡುಕಿತು ಎಲ್ಲ ಬರೆಯುತ್ತದೆ. ಅಲ್ಲಿಗೂ ಬಗೆಹರಿಯದೆ ಬೇರೆಯವರ ಸಹಾಯ ಕೇಳುವುದಾದರೆ ಆ ಔಟ್‌ಪುಟ್, ಜಿಡಾಲ್ ಆವೃತ್ತಿ, ಯಾವ ದಾರಿಯಿಂದ ಇನ್‌ಸ್ಟಾಲ್ ಮಾಡಿದ್ದು ಅನ್ನುವುದು, ಪರದೆಯ ಫೋಟೊ ಬದಲು ಪೂರ್ತಿ ಕಮಾಂಡ್ ಪಠ್ಯವಾಗಿ, ಜೊತೆಗೆ ತೊಂದರೆ ಕೊಡುವ ಫೈಲ್‌ನಿಂದ ಕತ್ತರಿಸಿದ ಒಂದು ಸಣ್ಣ ತುಂಡು ಇಷ್ಟನ್ನು ಕೊಡಿ. ತುಂಡಿನಲ್ಲಿ ಜನರ ಹೆಸರು, ಸರ್ವೆ ನಂಬರ್ ಇದ್ದರೆ ಆ ಕಾಲಂಗಳನ್ನು ತೆಗೆದು ಕಳಿಸಿ.